ಕೊಳೆಗೂ ಒಂದು ಕಾರಣ ಬೇಕು

ಸಾಗರ
ಭಾನುವಾರ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಫೋಟೋ ನೋಡಿದೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಹಾಸ್ಟೆಲ್ ಮೇಜಿನ ಮೇಲೆ ಪ್ರೊಸ್ತೊಡಾಂಟಿಕ್ಸ್ ಪುಸ್ತಕವನ್ನೇ ಪ್ಲಾಟ್‌ಫಾರ್ಮ್ ಮಾಡಿ ನಿಲ್ಲಿಸಿದ್ದೀಯಲ್ಲ, ಆ ಬೋಗಿಯನ್ನು ನೀನೇ ಪ್ಲಾಸ್ಟಿಕ್ ಹಾಳೆ ಕೊಯ್ದು ಅಂಟಿಸಿ ಮಾಡಿದ್ದು ಅಂದರೆ ನಿನ್ನ ಅತ್ತೆ ನಂಬಲೇ ಇಲ್ಲ. "ಪೇಟೆಯಿಂದ ತಂದಿರ್ತಾಳೆ ಬಿಡಿ" ಅಂದಳು. ಕಿಟಕಿಗಳ ಸಾಲು ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಮಾಡಿನ ಬಾಗು ಎರಡೂ ತುದಿಗೆ ಒಂದೇ ಸಮ. ಹಲ್ಲು ಕೊರೆಯಲು ಕಲಿಯುತ್ತಿರುವ ಕೈಗೆ ಅದನ್ನೆಲ್ಲ ನಾನು ಹೇಳಿಕೊಡಬೇಕಾದ್ದಿಲ್ಲ.

ಆದರೆ ಫೋಟೋದ ಕೆಳಗೆ ನೀನು ಬರೆದದ್ದು: "ಅಳತೆ ಎಲ್ಲ ಸರಿ ಇದೆ ಮಾವ, ಆದ್ರೂ ಆಟದ ಸಾಮಾನಿನ ಥರಾನೇ ಕಾಣ್ತದೆ. ಯಾಕೆ?" ಫೋನಿನಲ್ಲಿ ಇದಕ್ಕೆ ಉತ್ತರ ಹೇಳಲು ಕೂತರೆ ನಿನಗೆ ಕ್ಲಿನಿಕ್ಕಿನ ಹೊತ್ತಾಗುತ್ತದೆ, ನನಗೆ ಹೇಳಬೇಕಾದ್ದೆಲ್ಲ ಒಟ್ಟಿಗೇ ಬಾಯಿಗೆ ಬರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಪರೀಕ್ಷೆ ಮುಗಿದ ಮೇಲೆ ನಿಧಾನಕ್ಕೆ ಓದು.

ಮೊದಲು ಲೆಕ್ಕದಿಂದ ಶುರು ಮಾಡುತ್ತೇನೆ, ಅದು ಸುಲಭ. ನಾವು ಮಾಡುವುದು 1:87ರ ಅಳತೆಯಲ್ಲಿ, ಅಂದರೆ ನಿಜವಾದದ್ದರ 87ನೇ ಒಂದು ಪಾಲು. ಮೀಟರ್ ಗೇಜಿನ ಬೋಗಿ ಹತ್ತಿರ ಹತ್ತಿರ ಹತ್ತೊಂಬತ್ತೂವರೆ ಮೀಟರ್. ನಿನ್ನದು 22 ಸೆಂಟಿಮೀಟರ್ ಚಿಲ್ಲರೆ ಬಂದಿದೆ, ಸರಿಯಾಗಿದೆ. ಈಗ ಇನ್ನೊಂದು ಲೆಕ್ಕ ಹಾಕು. ಮೇಜಿನಿಂದ ನಿನ್ನ ಕಣ್ಣು ಎಷ್ಟು ದೂರ ಇರುತ್ತದೆ? ಎರಡಡಿ ಅಂತಿಟ್ಟುಕೋ. ಅದನ್ನು 87ರಿಂದ ಗುಣಿಸಿದರೆ 174 ಅಡಿ, 53 ಮೀಟರ್. ಅಂದರೆ ನೀನು ಆ ಬೋಗಿಯ ಪಕ್ಕದಲ್ಲಿ ನಿಂತಿಲ್ಲ, 53 ಮೀಟರ್ ಆಚೆ, ಸ್ಟೇಷನ್ನಿನ ಹೊರಗಿನ ಗೇಟಿನ ಹತ್ತಿರ ನಿಂತಿದ್ದೀಯ. ಅಷ್ಟು ದೂರದಿಂದ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಒಂದು ಸಲ ನಿಜವಾದ ಬೋಗಿಯ ಎದುರು ನಿಂತು ಗಮನಿಸು.

ಬಾಗಿಲಿನ ಹಿಡಿಕೆಯ ಮೊಳೆ ಕಾಣುವುದಿಲ್ಲ. ಕಿಟಕಿಯ ಸರಳು ಬಿಡಿಬಿಡಿಯಾಗಿ ಎಣಿಸಲು ಸಿಗುವುದಿಲ್ಲ, ಒಂದು ಮಬ್ಬು ಗೆರೆಯ ಹಾಗೆ ಇರುತ್ತದೆ. ನೀನು ಹಾಕಿದ ಸರಳು ಕಡ್ಡಿಯಷ್ಟು ದಪ್ಪವಾಯಿತು, ಪುಟ್ಟಿ. ನಿಜವಾದ ಸರಳು ಬೆರಳಿಗಿಂತ ತೆಳು. 87ರಿಂದ ಭಾಗಿಸಿದರೆ ಮಿಲಿಮೀಟರಿನ ಏಳನೇ ಒಂದು ಪಾಲೂ ಇರಲಿಕ್ಕಿಲ್ಲ. ಕರೆಂಟು ವೈರಿನ ಸಿಪ್ಪೆ ಸುಲಿದರೆ ಒಳಗೆ ತಾಮ್ರದ ಎಳೆಗಳಿರುತ್ತವಲ್ಲ, ಅದರಲ್ಲಿ ತೀರ ಸಣ್ಣದನ್ನು ಎಳೆದು ನೆಟ್ಟಗೆ ಮಾಡಿ ಹಾಕು. ರಿವೆಟ್ಟಿನ ಚುಕ್ಕೆಗಳನ್ನು ಹಾಕುವ ಆಸೆ ನಿನಗೆ ಬಂದೇ ಬರುತ್ತದೆ, ಎಲ್ಲರಿಗೂ ಬರುತ್ತದೆ. ಒಂದು ಸೆಂಟಿಮೀಟರಿನ ರಿವೆಟ್ ತಲೆ ನಮ್ಮ ಅಳತೆಗೆ ಇಳಿದರೆ ಮಿಲಿಮೀಟರಿನ ಹತ್ತರಲ್ಲೊಂದು. ಬಣ್ಣದ ಎರಡು ಕೋಟಿನಲ್ಲಿ ಮುಳುಗಿಹೋಗುತ್ತದೆ. ಆದರೂ ಕೂತು ಒಂದೊಂದಾಗಿ ಹಾಕುವವರಿದ್ದಾರೆ. ಅವರ ತಾಳ್ಮೆಗೆ ಕೈ ಮುಗಿಯುತ್ತೇನೆ, ಅವರ ಬಂಡಿಗೆ ಮುಗಿಯುವುದಿಲ್ಲ. ಕಾಣದೇ ಇರುವುದನ್ನು ಕಾಣುವ ಹಾಗೆ ಮಾಡಿದರೆ ಅಲ್ಲಿಗೇ ಅದು ಆಟದ ಸಾಮಾನು.

ಬಣ್ಣದ್ದೂ ಇದೇ ಕತೆ. ನೀನು ಡಬ್ಬಿಯಲ್ಲಿದ್ದ ಇಟ್ಟಿಗೆ ಕೆಂಪನ್ನು ಹಾಗೆಯೇ ಬಳಿದಿದ್ದೀಯ. 53 ಮೀಟರ್ ಗಾಳಿ ನಡುವೆ ಇದ್ದರೆ ಬಣ್ಣ ಮಾಸುತ್ತದೆ, ಸ್ವಲ್ಪ ಬೂದಿಗೆ ತಿರುಗುತ್ತದೆ. ನಮ್ಮ ಮೇಜಿನ ಮೇಲೆ ಅಷ್ಟು ಗಾಳಿ ಇಲ್ಲವಲ್ಲ, ಆ ಮಾಸುವಿಕೆಯನ್ನು ನಾವೇ ಬಣ್ಣದೊಳಗೆ ಕಲಸಬೇಕು. ಬಿಳಿ ಬೆರೆಸಬೇಡ, ಗುಲಾಬಿಯಾಗುತ್ತದೆ. ಒಣ ಹುಲ್ಲಿನ ಬಣ್ಣದ್ದೋ ತೆಳು ಬೂದಿಯದೋ ನಾಲ್ಕು ಹನಿ ಹಾಕು. ಕಪ್ಪಂತೂ ಡಬ್ಬಿಯಿಂದ ಹೊರಗೆ ಬರಲೇಬಾರದು. ನನ್ನ ವೈಪಿ ಉಗಿ ಇಂಜಿನ್ನು ನೋಡಿ ಎಲ್ಲರೂ "ಎಷ್ಟು ಕರೀ ಇದೆ" ಅನ್ನುತ್ತಾರೆ. ಅದರಲ್ಲಿ ಕಪ್ಪು ಬಣ್ಣ ಒಂದು ಹನಿಯೂ ಇಲ್ಲ, ಕಡುಬೂದಿಗೆ ಕಂದು ಬೆರೆಸಿದ್ದು ಅಷ್ಟೇ. ಇನ್ನು ಹೊಳಪು. ಹೊಳಪನ್ನು ಯಾರಿಂದಲೂ 87ರಿಂದ ಭಾಗಿಸಲು ಆಗುವುದಿಲ್ಲ. ಕೊನೆಗೊಂದು ಮ್ಯಾಟ್ ವಾರ್ನಿಷ್ ಹೊಡೆದುಬಿಡು, ಅರ್ಧ ಆಟಿಕೆತನ ಅಲ್ಲಿಗೇ ಹೋಗುತ್ತದೆ.

ಉಳಿದ ಅರ್ಧಕ್ಕೆ ಕೊಳೆ ಬೇಕು.

ಇಲ್ಲೇ ನೋಡು ಬಹಳ ಜನ ಹಾದಿ ತಪ್ಪುವುದು. ಕೊಳೆ ಹಚ್ಚುವುದು ಅಂದರೆ ಕಂದು ಬಣ್ಣವನ್ನು ತೆಳ್ಳಗೆ ಮಾಡಿ ಇಡೀ ಬೋಗಿಗೆ ಸವರುವುದು ಅಂದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಹೊಸ ಆಟದ ಸಾಮಾನು ಹೋಗಿ ಹಳೇ ಆಟದ ಸಾಮಾನು ಬರುತ್ತದೆ, ಇನ್ನೇನೂ ಆಗುವುದಿಲ್ಲ. ಬ್ರಶ್ಶಿಗೆ ಬಣ್ಣ ತಾಗಿಸುವ ಮೊದಲು ಕೇಳಿಕೊಳ್ಳಬೇಕು: ಈ ಕಲೆ ಇಲ್ಲಿಗೆ ಹೇಗೆ ಬಂತು? ಯಾರು ಮಾಡಿದರು? ಮಳೆಯೋ, ಬಿಸಿಲೋ, ಬ್ರೇಕೋ, ಮನುಷ್ಯರೋ? ಉತ್ತರ ಸಿಗದ ಕಲೆಯನ್ನು ಹಾಕಬೇಡ.

ನಿನ್ನ ಬೋಗಿಯನ್ನೇ ತೆಗೆದುಕೋ. ಹಳೆಯ ಬಂಡಿಗಳ ಬ್ರೇಕ್ ಬ್ಲಾಕು ಬೀಡುಕಬ್ಬಿಣದ್ದು. ಬ್ರೇಕ್ ಹಾಕಿದಾಗಲೆಲ್ಲ ಅದು ಗಾಲಿಗೆ ಉಜ್ಜಿ ಪುಡಿ ಉದುರುತ್ತದೆ, ಆ ಪುಡಿ ತುಕ್ಕು ಹಿಡಿದು ಕೆಂಗಂದು ಆಗುತ್ತದೆ. ಹಾಗಾಗಿ ಗಾಲಿ, ಸ್ಪ್ರಿಂಗು, ಬೋಗಿಯ ಕೆಳ ಅಂಚು ಇಷ್ಟಕ್ಕೆ ಆ ಕಂದು. ಗಾಲಿಯ ಹತ್ತಿರ ದಟ್ಟ, ಮೇಲೆ ಹೋದ ಹಾಗೆ ತೆಳು, ಕಿಟಕಿಯ ಮಟ್ಟಕ್ಕೆ ಇಲ್ಲವೇ ಇಲ್ಲ. ಮಾಡಿನ ಮೇಲೆ ಮಸಿ ಬೇಕು, ಆದರೆ ಎಲ್ಲ ಬೋಗಿಗೂ ಒಂದೇ ಸಮ ಅಲ್ಲ. ಇಂಜಿನ್ನಿಗೆ ತಾಗಿಕೊಂಡಿದ್ದಕ್ಕೆ ಹೆಚ್ಚು. ಬಾಗಿಲಿನ ಹಿಡಿಕಂಬಿ ಮಾತ್ರ ಸ್ವಚ್ಛ ಇರಲಿ, ಸಾವಿರ ಕೈ ಉಜ್ಜಿದ ಜಾಗ ಅದು, ಪೆನ್ಸಿಲ್ ಸೀಸ ತಿಕ್ಕಿದರೆ ಆ ಮಿನುಗು ಬರುತ್ತದೆ. ಬಾಗಿಲ ಮೆಟ್ಟಿಲಿನ ಮಧ್ಯಭಾಗವೂ ಹಾಗೇ. ಇನ್ನು ಕಿಟಕಿಯ ಕೆಳಗೆ, ನಮ್ಮ ಅಡಿಕೆ ಸೀಮೆಯ ರೈಲು ಅಂದ ಮೇಲೆ ಕವಳದ ಉಗುಳು ಇರಲೇಬೇಕು ಮಾರಾಯ್ತಿ. ಅದನ್ನು ನೆಟ್ಟಗೆ ಕೆಳಕ್ಕೆ ಇಳಿಸಬೇಡ. ಓಡುವ ರೈಲಿನಲ್ಲಿ ಗಾಳಿಗೆ ಹಿಂದಕ್ಕೆ ಓರೆಯಾಗುತ್ತದೆ. ಬೋಗಿಯನ್ನು ಯಾರೂ ತಿರುಗಿಸಿ ಜೋಡಿಸುವುದಿಲ್ಲ, ಬರುವಾಗ ಹಿಂದಾದದ್ದು ಹೋಗುವಾಗ ಮುಂದಾಗುತ್ತದೆ. ಆದ್ದರಿಂದ ಕೆಲವು ಕಲೆ ಎಡಕ್ಕೆ, ಕೆಲವು ಬಲಕ್ಕೆ. ನಿಂತ ಸ್ಟೇಷನ್ನಿನಲ್ಲಿ ಉಗುಳಿದ್ದು ಮಾತ್ರ ನೆಟ್ಟಗೆ. ಇದನ್ನೆಲ್ಲ ಯಾರು ನೋಡುತ್ತಾರೆ ಅಂತ ನಿನ್ನ ಅತ್ತೆ ಕೇಳುತ್ತಾಳೆ. ಬಿಡಿಸಿ ನೋಡುವುದಿಲ್ಲ ನಿಜ. ಆದರೆ ಇಲ್ಲದಿದ್ದಾಗ "ಏನೋ ಸರಿಯಿಲ್ಲ" ಅಂತ ಕಣ್ಣಿಗೆ ಗೊತ್ತಾಗುತ್ತದೆ. ನಿನಗೆ ಆದದ್ದೂ ಅದೇ ತಾನೆ?

ಉಗಿ ಇಂಜಿನ್ನಿನದು ಇನ್ನೂ ಚೆಂದ. ಬಾಯ್ಲರಿನ ತೊಳೆಯುವ ಬಿರಡೆಗಳಿಂದ, ಸೇಫ್ಟಿ ವಾಲ್ವಿನ ಬುಡದಿಂದ ಬೆಳ್ಳಗೆ ಗೆರೆ ಇಳಿದಿರುತ್ತದೆ, ನೀರಿನ ಸುಣ್ಣದ ಅಂಶ ಆರಿ ಉಳಿದದ್ದು. ಎಲ್ಲ ಇಂಜಿನ್ನಿಗೂ ಒಂದೇ ಥರ ಹಾಕುವವರಿದ್ದಾರೆ. ನಮ್ಮ ಮಲೆನಾಡಿನ ಹಳ್ಳದ ನೀರು ಮೆದು, ಅದನ್ನು ಕುಡಿದು ಓಡುವ ಇಂಜಿನ್ನಿಗೆ ಅಷ್ಟು ಬಿಳಿ ಬರಲಾರದು. ಬಯಲುಸೀಮೆಯ ಗಡಸು ನೀರು ಕುಡಿದದ್ದಕ್ಕೆ ಬರುತ್ತದೆ. ಹಾಗಾಗಿ ನನ್ನ ವೈಪಿಗೆ ಮನಸ್ಸಿನಲ್ಲೇ ಒಂದು ಡ್ಯೂಟಿ ಬರೆದಿದ್ದೇನೆ: ಬೀರೂರು ಕಡೆಯಿಂದ ಬಂದಿದೆ, ಅಲ್ಲಿಯ ನೀರು ಹೊಟ್ಟೆಯಲ್ಲಿದೆ, ಗೆರೆ ಇದೆ, ಆದರೆ ಹೊಸದಲ್ಲ. ಮುಂದಿನ ಹೊಗೆಪೆಟ್ಟಿಗೆ ಬೆಂಕಿಯ ಕಾವಿಗೆ ಬಣ್ಣ ಸುಟ್ಟು ಬೂದಿಯಾಗಿದೆ. ಗಾಲಿಗಳನ್ನು ಜೋಡಿಸುವ ಸರಳಿಗೆ ಎಣ್ಣೆಯ ಜಿಡ್ಡು. ಇಷ್ಟೇ.

ನಿನಗೆ ಇದನ್ನು ಅರ್ಥ ಮಾಡಿಸುವುದು ಬೇರೆಯವರಿಗಿಂತ ಸುಲಭ. ಹೋದ ರಜೆಯಲ್ಲಿ ನೀನು ಶೇಡ್ ಗೈಡ್ ತಂದು ಜಗಲಿಯ ಬೆಳಕಿಗೆ ಹಿಡಿದು ನನ್ನ ಹಲ್ಲಿನ ಬಣ್ಣ ಹೊಂದಿಸಿದೆಯಲ್ಲ, ಎ-3 ಅಂತ ನಿಕ್ಕಿ ಮಾಡಿ "ಬಹಳ ಕಾಫಿ ಮಾವ" ಅಂದೆ. ಕಟ್ಟಿಸಿದ ಹಲ್ಲು ಶುದ್ಧ ಬಿಳಿ ಇದ್ದರೆ ಎದುರಿಗಿದ್ದವರಿಗೆ ತಕ್ಷಣ ತಿಳಿಯುತ್ತದೆ, ಬುಡಕ್ಕೆ ಹಳದಿ, ಅಂಚಿಗೆ ಗಾಜಿನ ಹಾಗೆ ತೆಳು, ನಡುವೆ ಒಂದು ಸಣ್ಣ ಗೀರು ಹಾಕಿದರೇ ಅದು ಬಾಯಿಗೆ ಸೇರುವುದು ಅಂತ ಅವತ್ತು ನೀನೇ ವಿವರಿಸಿದ್ದು. ನಿನ್ನ ಪ್ರೊಫೆಸರು ಅದಕ್ಕೆ ಮಾರ್ಕ್ಸ್ ಕೊಡುತ್ತಾರೆ, ನನಗೆ ಕೊಡುವವರಿಲ್ಲ. ಕೆಲಸ ಮಾತ್ರ ಒಂದೇ.

ಈ ಕೊಳೆಯ ಹುಚ್ಚು ಶುರುಮಾಡಿದವನು ಅನ್ನಲಾರೆ, ಆದರೆ ಜಗತ್ತಿಗೆ ಅಂಟಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಜಾನ್ ಅಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ತನ್ನ ಮನೆಯ ನೆಲಮಾಳಿಗೆಯಲ್ಲಿ ನೆಲದಿಂದ ಮಾಡಿನವರೆಗೂ ಬೆಟ್ಟ ಎಬ್ಬಿಸಿ, ನಮ್ಮದೇ 1:87ರ ಅಳತೆಯಲ್ಲಿ ರೈಲು ಹಾಯಿಸಿದ್ದ. ಎಲ್ಲರೂ ಮಿರಿಮಿರಿ ಮಿಂಚುವ ಇಂಜಿನ್ನು ಓಡಿಸುತ್ತಿದ್ದ ಕಾಲದಲ್ಲಿ ಅವನು ಸವೆದ ಮರ, ತುಕ್ಕು ಹಿಡಿದ ತಗಡು ಮಾಡಿ ತೋರಿಸಿದ. ವೃತ್ತಿಯಿಂದ ಫೋಟೋಗ್ರಾಫರ್, ಬೆಳಕು ಗೊತ್ತಿತ್ತು. 1973ರಲ್ಲಿ ಅವನು ತೀರಿಹೋದ. ಕೆಲವೇ ದಿನಗಳಲ್ಲಿ ಆ ಮನೆಗೆ ಬೆಂಕಿ ಬಿದ್ದು ಇಡೀ ರೈಲುದಾರಿ ಸುಟ್ಟುಹೋಯಿತು. ಈಗ ಉಳಿದಿರುವುದು ಮುಖ್ಯವಾಗಿ ಅವನೇ ತೆಗೆದ ಫೋಟೋಗಳು. ಅಷ್ಟು ನಿಜಕ್ಕೆ ಒದ್ದಾಡಿದ ಮನುಷ್ಯ, ಯಾರ್ಡಿನಲ್ಲಿ ವ್ಯಾಗನ್ ಎಳೆಯಲು ಒಂದು ಡೈನೋಸಾರನ್ನು ಇಟ್ಟುಕೊಂಡಿದ್ದ, ಎಮ್ಮಾ ಅಂತ ಅದರ ಹೆಸರು. ಅವನ ಬಗ್ಗೆ ನನಗೆ ಪ್ರೀತಿ ಹುಟ್ಟಿದ್ದು ತುಕ್ಕಿನಿಂದ ಅಲ್ಲ, ಎಮ್ಮಾಳಿಂದ.

ಈಗ ನನ್ನ ಸ್ಟೇಷನ್ನಿನ ಸುದ್ದಿ. ನೀನು ಹೋದ ಮೇಲೆ ಅಟ್ಟದ ಮೇಲೆ ಬಹಳ ಕೆಲಸ ಆಗಿದೆ. ಎಂಟಡಿ ಉದ್ದ, ಒಂದೂವರೆ ಅಡಿ ಅಗಲದ ಹಲಗೆ. ನಿಜವಾದ ನೆಲದಲ್ಲಿ 212 ಮೀಟರ್. ಒಂದು ಇಂಜಿನ್ನು, ನಾಲ್ಕು ಬೋಗಿ ನಿಂತರೆ ಅರ್ಧ ಹಲಗೆ ಮುಗಿಯಿತು. ಅರಸಾಳು ಸ್ಟೇಷನ್ನನ್ನೇ ಯಾಕೆ ಮಾಡಲಿಲ್ಲ ಅಂತ ನಿನ್ನ ಅಮ್ಮ ಕೇಳಿದಳು. ಶಂಕರ್‌ನಾಗ್ "ಮಾಲ್ಗುಡಿ ಡೇಸ್" ತೆಗೆದ ಸ್ಟೇಷನ್ನು, 2020ರಲ್ಲಿ ಹಳೇ ಕಟ್ಟಡವನ್ನು ದುರಸ್ತಿ ಮಾಡಿ ಮ್ಯೂಸಿಯಂ ಮಾಡಿದ್ದಾರೆ, ಎಲ್ಲರಿಗೂ ಗೊತ್ತು, ಚೆಂದ ಇರುತ್ತಿತ್ತಲ್ಲ ಅಂತ. ಎಲ್ಲರಿಗೂ ಗೊತ್ತಿರುವುದೇ ತೊಂದರೆ. ಬಂದವರೆಲ್ಲ ಕಿಟಕಿ ಎಣಿಸುತ್ತಾರೆ. ಆರ್. ಕೆ. ನಾರಾಯಣ್ ಅವರೇ ಇಲ್ಲದ ಊರು ಕಟ್ಟಿ, ಅದು ಎಲ್ಲೋ ಇದೆ ಅಂತ ನಮ್ಮನ್ನು ನಂಬಿಸಿದವರು. ನಾನೂ ಅರಸಾಳಿಗೂ ಆನಂದಪುರಕ್ಕೂ ನಡುವೆ ಇಲ್ಲದ ಒಂದು ಸ್ಟೇಷನ್ನು ಕಟ್ಟುತ್ತಿದ್ದೇನೆ. ಊರು ಕಲ್ಪನೆಯದು ಆಗಬಹುದು, ಅಲ್ಲಿಯ ಕೊಳೆ ಕಲ್ಪನೆಯದು ಆಗಕೂಡದು.

ಇಂಗ್ಲೆಂಡಿನಲ್ಲಿ ಜಾನ್ ಅಹರ್ನ್ ಅಂತ ಒಬ್ಬ ಹೀಗೇ ಮ್ಯಾಡರ್ ವ್ಯಾಲಿ ಅನ್ನುವ ಇಲ್ಲದ ಕಣಿವೆಗೆ ರೈಲು ಕಟ್ಟಿದ್ದ. ಅದನ್ನು ಪೆಂಡನ್ ಮ್ಯೂಸಿಯಮ್ಮಿನಲ್ಲಿ ಉಳಿಸಿಕೊಂಡಿದ್ದಾರೆ. ಆ ಮ್ಯೂಸಿಯಂ ಕಟ್ಟಿದ ರಾಯ್ ಇಂಗ್ಲೆಂಡ್ ಆಸ್ಟ್ರೇಲಿಯಾದವನು. 1925ರಲ್ಲಿ ಬಂದು ನೋಡುತ್ತಾನೆ, ಹುಲ್ಲು ಮಾಡಿನ ಹಳ್ಳಿಮನೆಗಳು ಕಣ್ಣೆದುರೇ ಹೋಗುತ್ತಿವೆ. ಅಳತೆ ತೆಗೆದು ಒಂದೊಂದೇ ಮನೆಯನ್ನು ಪುಟ್ಟದಾಗಿ ಮಾಡಲು ಕೂತ. ಹೂದೋಟದ ಸಾಲಿನವರೆಗೂ ಬಿಡಲಿಲ್ಲ. ನಾನು ಅಷ್ಟು ದೊಡ್ಡವನಲ್ಲ, ಆದರೆ ಅವನ ತಳಮಳ ನನಗೆ ಅರ್ಥವಾಗುತ್ತದೆ. 1992ರಲ್ಲಿ ಎಲ್ಲ ಹಳಿಯನ್ನೂ ಒಂದೇ ಅಗಲಕ್ಕೆ ತರುವ ಯೋಜನೆ ಬಂತು. ನಮ್ಮ ದಾರಿಯ ಸರದಿ ತಡವಾಗಿ ಬಂತು. ಅದಕ್ಕೆ ಮುಂಚೆ ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಕೊನೆಗೆ ಉಳಿದಿದ್ದು ಒಂದು ರೈಲ್‌ಬಸ್ಸು. ಈಗ ಬೆಂಗಳೂರಿನಿಂದ ಸೀದಾ ತಾಳಗುಪ್ಪಕ್ಕೆ ಬ್ರಾಡ್ ಗೇಜ್ ರೈಲು ಬರುತ್ತದೆ, ನೀನೂ ಅದರಲ್ಲೇ ಬರುತ್ತೀಯ, ಒಳ್ಳೆಯದೇ ಆಯಿತು. ಮೀಟರ್ ಗೇಜನ್ನು ನೆನೆದು ಅಳುವವರ ಜೊತೆ ನಾನಿಲ್ಲ. ಆ ರೈಲಿಗೆ ಕಾದು ಕಾದು ಮೈ ಉರಿಸಿಕೊಂಡವರಲ್ಲಿ ನಾನೂ ಒಬ್ಬ. ಆದರೆ ಅದು ಹೇಗಿತ್ತು ಅನ್ನುವುದು ಎಲ್ಲಾದರೂ ಒಂದು ಕಡೆ ಸರಿಯಾಗಿ ಇರಬೇಕಲ್ಲ.

ಅಗಲದ ಮಾತು ಬಂತು, ಒಂದು ಗುಟ್ಟು ಹೇಳುತ್ತೇನೆ. ಈ ಹವ್ಯಾಸದಲ್ಲಿ ಮೀಟರ್ ಗೇಜಿನವರಿಗೆ ಅಗ್ಗದ ಅದೃಷ್ಟವಿದೆ. ಬ್ರಾಡ್ ಗೇಜ್ 1676 ಮಿಲಿಮೀಟರ್, 87ರಿಂದ ಭಾಗಿಸಿದರೆ 19 ಚಿಲ್ಲರೆ. ಅಂಗಡಿಯಲ್ಲಿ ಸಿಗುವುದು ವಿದೇಶದ ಅಳತೆಯ 16.5ರ ಹಳಿ. ಹೆಚ್ಚಿನವರು ಅದರ ಮೇಲೆಯೇ ಓಡಿಸುತ್ತಾರೆ. ಎದುರಿನಿಂದ ನೋಡಿದರೆ ಮೈ ಅಗಲ, ಕಾಲು ಕಿರಿದು. ನಮ್ಮದು 1000 ಮಿಲಿಮೀಟರ್, ಬರಬೇಕಾದದ್ದು 11.5, ಸಿಗುವುದು 12. ಅರ್ಧ ಮಿಲಿಮೀಟರನ್ನು ದೇವರೂ ಕ್ಷಮಿಸುತ್ತಾನೆ. ಸ್ವಿಜರ್‌ಲೆಂಡಿನ ಬೆಟ್ಟದ ರೈಲುಗಳೂ ಮೀಟರ್ ಗೇಜೇ ಆದ್ದರಿಂದ ಅವುಗಳಿಗೆಂದು ಜರ್ಮನಿಯ ಬೆಮೊ ಕಂಪನಿ ಮಾಡುವ ಹಳಿ ನಮಗೂ ಆಗುತ್ತದೆ. 1:120ರ ಟಿಟಿ ಅಳತೆಯ ಇಂಜಿನ್ನುಗಳೂ ಓಡುವುದು 12 ಮಿಲಿಮೀಟರಿನ ಮೇಲೆಯೇ. ಅವುಗಳ ಕೆಳಭಾಗ, ಮೋಟಾರು ಎತ್ತಿಕೊಂಡು ಮೇಲಿನ ಮೈಯನ್ನು ನಾವೇ ಕಟ್ಟಬಹುದು. ನಮ್ಮ ವೈಪಿ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಬೆಲೆ ಎಷ್ಟಾಯಿತು ಅಂತ ನಿನ್ನ ಅತ್ತೆಯ ಎದುರು ಕೇಳಬೇಡ.

ಉಳಿದದ್ದೆಲ್ಲ ಊರಿನ ಸಾಮಾನು. ಹಳಿಯ ಕೆಳಗಿನ ಜಲ್ಲಿ ನಿಜಕ್ಕೆ ಎರಡು ಇಂಚು ದಪ್ಪ, ನಮಗೆ ಅರ್ಧ ಮಿಲಿಮೀಟರಿನ ಕಾಳು ಬೇಕು. ಪಕ್ಕದ ಮನೆ ಕಟ್ಟುವವರಿಂದ ಒಂದು ಬೊಗಸೆ ಎಂ-ಸ್ಯಾಂಡ್ ತಂದು ರವೆ ಜರಡಿಯಲ್ಲಿ ಗಾಳಿಸಿದೆ. ಕ್ರಷರಿನಲ್ಲಿ ಒಡೆದ ಕಲ್ಲೇ ಆದ್ದರಿಂದ ಅಂಚು ಚೂಪಾಗಿರುತ್ತದೆ, ಹೊಳೆಯ ಮರಳಿನ ಹಾಗೆ ಗುಂಡಗಾಗುವುದಿಲ್ಲ. (ಜರಡಿ ಕಳೆದುಹೋಗಿದೆ ಅಂತ ಮನೆಯಲ್ಲಿ ಅಧಿಕೃತ ಹೇಳಿಕೆ.) ಸ್ಲೀಪರುಗಳ ನಡುವೆ ಒಣಗಿದ್ದನ್ನೇ ಹರಡಿ, ಬ್ರಶ್ಶಿನಿಂದ ಸಮ ಮಾಡಿ, ಆಮೇಲೆ ನೀರು ಬೆರೆಸಿದ ಫೆವಿಕಾಲನ್ನು ಡ್ರಾಪರಿನಲ್ಲಿ ಹನಿ ಹನಿಯಾಗಿ ಬಿಡಬೇಕು. ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕದಿದ್ದರೆ ಅಂಟು ಕಾಳುಗಳ ಮೇಲೆ ಮುತ್ತಿನ ಹಾಗೆ ಉರುಳುತ್ತದೆ, ಒಳಗೆ ಇಳಿಯುವುದಿಲ್ಲ. ಹರಡುವ ಮುಂಚೆ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಪುಡಿಯ ಮೇಲೆ ಆಡಿಸು. ನಮ್ಮ ಕೆಮ್ಮಣ್ಣಿಗಂತೂ ಇದು ಕಡ್ಡಾಯ. ಕಬ್ಬಿಣದ ಕಣ ಉಳಿದರೆ ಇಂಜಿನ್ನಿನ ಮೋಟಾರಿನ ಅಯಸ್ಕಾಂತಕ್ಕೆ ಹೋಗಿ ಅಂಟುತ್ತದೆ, ಒಂದು ದಿನ ಕರ್ ಅಂತ ನಿಂತುಹೋಗುತ್ತದೆ.

ಸ್ಟೇಷನ್ನಿನ ಹಿಂದೆ ಒಂದು ತುಂಡು ತೋಟ ಬಂದಿದೆ. ಹದಿನೈದು ಮೀಟರಿನ ಅಡಿಕೆ ಮರ ನಮಗೆ 17 ಸೆಂಟಿಮೀಟರ್. ಕಾಂಡ ಎರಡು ಮಿಲಿಮೀಟರಿಗಿಂತ ಕಮ್ಮಿ. ಹಿಡಿಕಡ್ಡಿ ಸರಿಯಾಗಿ ಅಷ್ಟೇ ದಪ್ಪ ಇರುತ್ತದೆ, ತುದಿಗೆ ಹೋದ ಹಾಗೆ ಸಣ್ಣದಾಗುವುದೂ ಹಾಗೇ. ಹಾಳೆಯ ಹಸಿರು ಕುತ್ತಿಗೆ ಮರೆಯಬಾರದು, ಅದಿಲ್ಲದಿದ್ದರೆ ತೆಂಗಾಗಿಬಿಡುತ್ತದೆ. ನಾನು ಆರಿಸಿಕೊಂಡ ತಿಂಗಳು ಡಿಸೆಂಬರ್. ಕೊನೆ ಕೊಯ್ಲು ನಡೆದಿದೆ, ಕೆಲವು ಮರಕ್ಕೆ ಕೊನೆ ಇದೆ, ಕೆಲವಕ್ಕೆ ಇಲ್ಲ. ಹುಲ್ಲಿನ ತುದಿ ಹಳದಿ, ಬುಡ ಇನ್ನೂ ಹಸಿರು. ಗೋಡೆಯ ಪಾಚಿ ಒಣಗಿ ಕಪ್ಪಾಗಿದೆ. ಜುಲೈ ಮಾಡಿದ್ದರೆ ಪಾಚಿ ಹಸಿರು ಬೇಕಿತ್ತು, ಎಲ್ಲ ಕಡೆ ನೀರು ನಿಲ್ಲಿಸಬೇಕಿತ್ತು, ಮಳೆ ಸುರಿಸಬೇಕಿತ್ತು. ಮಳೆ ನಮ್ಮ ಕೈಯಲ್ಲಿಲ್ಲ.

ನೀನು ಕಳಿಸಿದ ಡೆಂಟಲ್ ಸ್ಟೋನಿನಲ್ಲಿ ಕಂಪೌಂಡಿನ ಜಂಬಿಟ್ಟಿಗೆ ಗೋಡೆ ಎರಕ ಹೊಯ್ದೆ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಹಾಗೆ ಅಂಚು ಪುಡಿಯಾಗುವುದಿಲ್ಲ, ಗೆರೆ ಚೂಪಾಗಿ ನಿಲ್ಲುತ್ತದೆ. ಅರೆಬರೆ ಗಟ್ಟಿಯಾದಾಗ ನಿನ್ನ ಹಳೇ ಪ್ರೋಬಿನಿಂದ ಕಲ್ಲಿನ ಸಂದು ಗೀಚಿದೆ. ಒಂದೂಕಾಲಡಿ ಕಲ್ಲು ನಾಲ್ಕೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಜಂಬಿಟ್ಟಿಗೆಯ ತೂತುಗಳಿಗೆ ಹಳೇ ಹಲ್ಲುಜ್ಜುವ ಬ್ರಶ್ಶಿನ ಮೊಂಡು ತುದಿ ಒತ್ತಿದೆ. ಹಲ್ಲಿನ ಡಾಕ್ಟರ ಮನೆತನಕ್ಕೆ ಒಪ್ಪುವ ಗೋಡೆ.

ಸ್ಟೇಷನ್ನಿನ ಸುಣ್ಣದ ಗೋಡೆ ಎರಡು ವಾರ ಬೆಳ್ಳಗೇ ಇತ್ತು. ಎಲ್ಲ ಸರಿ ಇದೆ, ಆದರೆ ಗೋಡೆ ನೆಲದ ಮೇಲೆ ಕೂತಿಲ್ಲ, ಎತ್ತಿಟ್ಟ ಹಾಗಿದೆ. ಒಂದು ಮಧ್ಯಾಹ್ನ ನಮ್ಮ ಹಿತ್ತಿಲ ಗೋಡೆಯನ್ನೇ ನೋಡುತ್ತಾ ಕೂತೆ. ಮಾಡಿನಂಚಿನಿಂದ ಬಿದ್ದ ಮಳೆನೀರು ಕೆಮ್ಮಣ್ಣನ್ನು ಸಿಡಿಸಿ ಗೋಡೆಯ ಬುಡಕ್ಕೆ ಒಂದೂವರೆ ಅಡಿ ಎತ್ತರ ಕೆಂಪು ಪಟ್ಟಿ ಬರೆದಿದೆ. ನೆಲದ ಅಂಚಿನಲ್ಲಿ ದಟ್ಟ, ಮೇಲೆ ಚುಕ್ಕೆ ಚುಕ್ಕೆ. ಅದರಾಚೆ ಹೆಂಚಿನ ಒಂದೊಂದು ಸಾಲಿಗೂ ಸರಿಯಾಗಿ ನೆಲದಲ್ಲಿ ಒಂದೊಂದು ಗುಳಿ. ಅಟ್ಟಕ್ಕೆ ಹೋಗಿ ಐದು ಮಿಲಿಮೀಟರ್ ಎತ್ತರಕ್ಕೆ ಕೆಮ್ಮಣ್ಣಿನ ಪುಡಿ ಒಣ ಬ್ರಶ್ಶಿನಿಂದ ತಟ್ಟಿದೆ, ಹೆಂಚಿನ ಸಾಲಿಗೆ ಹೊಂದಿಸಿ ಸೂಜಿಯಿಂದ ಗುಳಿ ಒತ್ತಿದೆ. ಕಟ್ಟಡ ಕೂತುಬಿಟ್ಟಿತು ಕಣೇ. ಐವತ್ತು ಮಳೆಗಾಲ ಕಂಡದ್ದರ ಹಾಗೆ.

ಕೆಲವನ್ನು ಎಷ್ಟು ತಿಣುಕಿದರೂ ಸಣ್ಣದು ಮಾಡಲಾಗುವುದಿಲ್ಲ ಅಂತಲೂ ತಿಳಿದಿರು. ನೀರಿನ ಹನಿ ಸಣ್ಣದಾಗಲು ಒಪ್ಪುವುದಿಲ್ಲ. ಹೊಗೆ ಬರಿಸುವ ಯಂತ್ರಗಳಿವೆ, ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ, ಬೇಡ. ಬೆಳಕು ಮಾತ್ರ ಸ್ವಲ್ಪ ಮಾತು ಕೇಳುತ್ತದೆ: ಬಿಳಿ ಎಲ್‌ಇಡಿ ಹಾಕಬೇಡ, ಹಳದಿಯದನ್ನು ಹಾಕಿ ರೆಸಿಸ್ಟರಿನಿಂದ ಇಷ್ಟೇ ಇಷ್ಟು ಮಂದ ಮಾಡು, ಆಗ ಸೀಮೆಎಣ್ಣೆ ದೀಪ ಬರುತ್ತದೆ. ವೇಗವೂ ನಮ್ಮ ಕೈಯಲ್ಲಿದೆ, ಆದರೆ ಎಲ್ಲರೂ ಅವಸರ ಮಾಡುತ್ತಾರೆ. ಗಂಟೆಗೆ 30 ಕಿಲೋಮೀಟರಿನ ರೈಲು ನಮ್ಮ ಹಲಗೆಯ ಮೇಲೆ ಸೆಕೆಂಡಿಗೆ ಹತ್ತು ಸೆಂಟಿಮೀಟರೂ ಸಾಗುವುದಿಲ್ಲ. ಒಂದು ಬೋಗಿ ಕಣ್ಣೆದುರು ದಾಟಲು ಎರಡು ಸೆಕೆಂಡಿಗಿಂತ ಹೆಚ್ಚು ಬೇಕು. ನಮ್ಮ ಮನೆಗೆ ಬರುವ ಮಕ್ಕಳು ಒಂದೇ ಸಲ ಗುಂಡಿ ತಿರುಗಿಸಿ ರಾಜಧಾನಿ ಎಕ್ಸ್‌ಪ್ರೆಸ್ ಮಾಡುತ್ತಾರೆ. ಮಾಡಲಿ, ಅವರಿಗೆ ಆಟವೇ ಇರಲಿ.

ನಿನ್ನ ಬೋಗಿಗೆ ಮುಂದಿನ ಕೆಲಸ ಹೀಗೆ ಮಾಡು. ಸರಳು ಬದಲಿಸು. ಮಾಡಿಗೆ ಬೂದಿ ಬಣ್ಣ. ಕೊಳೆಗೆ ಬಣ್ಣದ ಡಬ್ಬಿಯೇ ಬೇಡ, ಚಿತ್ರ ಬರೆಯುವ ಪೇಸ್ಟಲ್ ಚಾಕ್‌ಗಳನ್ನು ಉಪ್ಪುಕಾಗದಕ್ಕೆ ತಿಕ್ಕಿ ಪುಡಿ ಮಾಡಿಕೋ; ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ವಾರ್ನಿಷ್ ಹೊಡೆಯುವವರೆಗೂ ಯಾವುದೂ ಕಾಯಂ ಅಲ್ಲ. ವಾರ್ನಿಷ್ ಬಿದ್ದ ಮೇಲೆ ಪುಡಿ ಅರ್ಧ ಮಾಯವಾಗುತ್ತದೆ, ಆದ್ದರಿಂದ ಮೊದಲೇ ಒಂದು ಪಾಲು ಜಾಸ್ತಿ ಇರಲಿ. ಜೋಡಿಸುವ ಕೊಕ್ಕೆ ಎರಡು ಬಫರಿನದು ಹಾಕಿದ್ದೀಯ, ಅದು ಬ್ರಾಡ್ ಗೇಜಿನದು. ಮೀಟರ್ ಗೇಜಿಗೆ ನಡುವೆ ಒಂದೇ ಬಫರು. ಮೈಸೂರಿಗೆ ಹೋದಾಗ ರೈಲ್ವೆ ಮ್ಯೂಸಿಯಮ್ಮಿಗೆ ಹೋಗಿ ಬಗ್ಗಿ ಕೆಳಗಿನಿಂದ ನೋಡಿಕೊಂಡು ಬಾ, ಬಂಡಿಗಳನ್ನು ಬಯಲಲ್ಲೇ ನಿಲ್ಲಿಸಿರುವುದು ನಮಗೆ ಅನುಕೂಲ. ಆದರೆ ಅಲ್ಲಿಯ ಬಣ್ಣ ನೋಡಿ ಮೋಸ ಹೋಗಬೇಡ, ಮ್ಯೂಸಿಯಮ್ಮಿನವರು ಆಗಾಗ ಹೊಸದಾಗಿ ಬಳಿಯುತ್ತಾರೆ. ಪುಣೆಗೆ ನಿಮ್ಮ ಕಾನ್ಫರೆನ್ಸ್ ಇದೆ ಅಂದೆಯಲ್ಲ, ಸಂಜೆ ಬಿಡುವಾದರೆ ಜೋಶಿಯವರ ಪುಟಾಣಿ ರೈಲುಗಳ ಮ್ಯೂಸಿಯಂ ನೋಡು. ಇಡೀ ಊರೇ ಇದೆ, ಗುಂಡಿ ಒತ್ತಿದರೆ ಓಡುತ್ತದೆ. ಅಲ್ಲಿ ಕೊಳೆ ಕಮ್ಮಿ, ಸಂತೋಷ ಜಾಸ್ತಿ.

ಒಂದು ಕೆಲಸ ನಿನ್ನಿಂದಲೇ ಆಗಬೇಕು. ಸ್ಟೇಷನ್ನಿಗೆ ಇನ್ನೂ ಹೆಸರಿಲ್ಲ. ಹಳದಿ ಬೋರ್ಡು ನಿಲ್ಲಿಸಿದ್ದೇನೆ, ಮೂರು ಸೆಂಟಿಮೀಟರ್ ಅಗಲ, ಖಾಲಿ. ಮೂರು ಭಾಷೆಯಲ್ಲೂ ಹಿಡಿಸಬೇಕು, ಆದ್ದರಿಂದ ಉದ್ದ ಬೇಡ. ಒತ್ತಕ್ಷರ ಆದಷ್ಟು ಕಮ್ಮಿ ಇರಲಿ, ಮೂರು ಮಿಲಿಮೀಟರಿನ ಅಕ್ಷರದಲ್ಲಿ ಅದು ತುಂಬಿಕೊಂಡು ಕಲೆಯಾಗುತ್ತದೆ. ನಮ್ಮ ಕಡೆಯ ಊರಿನ ಹಾಗೇ ಕೇಳಿಸಬೇಕು, ಗೋಡು, ಕೊಪ್ಪ, ಸರ, ಮನೆ ಇಂಥದ್ದೇನಾದರೂ ಕೊನೆಗೆ ಬರಲಿ. ಆದರೆ ನಿಜವಾಗಿಯೂ ಇರುವ ಊರಾಗಬಾರದು. ಹಲಗೆಯ ಎಡತುದಿಯಲ್ಲಿ ಒಂದು ಸಣ್ಣ ಹಳ್ಳ, ಪ್ಲಾಟ್‌ಫಾರ್ಮಿನ ಬಲಕ್ಕೆ ಒಂದು ದೊಡ್ಡ ಹಲಸಿನ ಮರ ಬಂದಿದೆ, ಬೇಕಾದರೆ ಅದನ್ನು ಹಿಡಿದುಕೊಂಡು ಯೋಚಿಸು. ಶುಕ್ರವಾರದೊಳಗೆ ಹೇಳಿದರೆ ಡೆಕಾಲ್ ಹಾಳೆಯಲ್ಲಿ ನಿನ್ನ ಬೋಗಿಯ ನಂಬರಿನ ಜೊತೆಗೇ ಪ್ರಿಂಟಿಗೆ ಕೊಡುತ್ತೇನೆ. ತಡ ಮಾಡಿದರೆ ನಿನ್ನ ಅತ್ತೆ ಅವಳ ತವರಿನ ಹೆಸರನ್ನೇ ಇಡಬೇಕು ಅಂತ ಈಗಾಗಲೇ ಎರಡು ಸಲ ಹೇಳಿದ್ದಾಳೆ. ಅದರಲ್ಲಿ ಮೂರು ಒತ್ತಕ್ಷರ ಇದೆ. ಬೇಡ ಅನ್ನುವ ಧೈರ್ಯ ನನಗಿಲ್ಲ, ನೀನಾದರೆ ಹೇಳಬಹುದು.

ಅಮ್ಮನಿಗೆ ಕೇಳಿದ್ದೇನೆ ಅಂತ ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ
ಮಾವ